ಮಿಚಿನೋಕು ಕರಾವಳಿ ಹಾದಿ: ಊರುಗಳನ್ನು ಬಿಟ್ಟು ನಡೆಯಬೇಡಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಇಷ್ಟು ಜನ ಬಂದಿದ್ದೀರಿ, ತುಂಬಾ ಖುಷಿಯಾಯಿತು. ಬಂದವರಲ್ಲಿ ಹೆಚ್ಚಿನವರು ಟ್ರೆಕ್ಕಿಂಗ್ ಮಾಡುವವರೇ ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ಹಾದಿಯ ಹೆಸರು ಮಿಚಿನೋಕು ಕೋಸ್ಟಲ್ ಟ್ರೇಲ್. ಜಪಾನಿನ ಈಶಾನ್ಯ ಕರಾವಳಿ. ಉತ್ತರದಲ್ಲಿ ಹಚಿನೊಹೆ ಊರಿನ ಕಬುಶಿಮಾದಲ್ಲಿ ಶುರುವಾಗಿ, ನಾಲ್ಕು ಪ್ರಾಂತ್ಯ ದಾಟಿ, ಫುಕುಶಿಮಾ ಪ್ರಾಂತ್ಯದ ಸೋಮಾ ಊರಿನಲ್ಲಿ ಮುಗಿಯುತ್ತದೆ. ಒಟ್ಟು 1,000 ಕಿ.ಮೀ.ಗೂ ಜಾಸ್ತಿ. 2011ರ ಮಾರ್ಚ್ 11ರ ಭೂಕಂಪ, ಸುನಾಮಿ ನಿಮಗೆಲ್ಲ ನೆನಪಿದೆ, ಅಲ್ವಾ? ಆ ಸುನಾಮಿ ಕೊಚ್ಚಿಕೊಂಡು ಹೋದ ಕರಾವಳಿಯೇ ಇದು. ಅಲ್ಲಿನ ಊರುಗಳಿಗೆ ಮತ್ತೆ ಜನ ಬರಲಿ ಅಂತ ಜಪಾನಿನ ಪರಿಸರ ಸಚಿವಾಲಯ ಈ ಹಾದಿ ಮಾಡಿತು. 2019ರ ಜೂನ್‌ನಲ್ಲಿ ಇಡೀ ಹಾದಿ ತೆರೆಯಿತು. ಇದರ ಹಿಂದೆ ಕಾತೊ ನೊರಿಯೊಶಿ ಅನ್ನುವವರ ಕನಸಿದೆ. ಅಮೆರಿಕದ ಅಪಲೇಚಿಯನ್ ಟ್ರೇಲ್ ನಡೆದು ಬಂದವರು. ಇಲ್ಲೂ ಇಂಥ ಉದ್ದದ ಹಾದಿ ಬೇಕು ಅಂತ ಹೇಳಿದವರು ಅವರೇ. ನರಗಳ ಕಾಯಿಲೆಯಿಂದ 2013ರಲ್ಲಿ ತೀರಿಕೊಂಡರು. ಹಾದಿ ಪೂರ್ತಿಯಾದದ್ದನ್ನು ಅವರು ನೋಡಲೇ ಇಲ್ಲ.

ನಾನು ನಡೆದದ್ದು ಇವಾತೆ ಪ್ರಾಂತ್ಯದ ಒಂದು ಭಾಗ. ಫುದಾಯ್, ತನೊಹಾತ, ತಾರೊ, ಮಿಯಾಕೊ, ಆಮೇಲೆ ಒಮೊಯೆ ಪರ್ಯಾಯದ್ವೀಪ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಒಂದೇ ಮಾತು. ಇಲ್ಲಿಗೆ ಬರುವ ಅನೇಕರು ಕಾಡು, ಬಂಡೆ ಇರುವ ಭಾಗ ಮಾತ್ರ ನಡೆದು, ಡಾಂಬರು ರಸ್ತೆ, ಬಂದರು, ಕಾಂಕ್ರೀಟು ಗೋಡೆ ಬಂದ ಕೂಡಲೇ ರೈಲು ಹತ್ತಿ ಮುಂದಿನ ಬಂಡೆಗೆ ಹೋಗಿಬಿಡುತ್ತಾರೆ. ಸಾನ್ರಿಕು ರೈಲು ಹಾದಿಯ ಪಕ್ಕದಲ್ಲೇ ಓಡುವುದರಿಂದ ಅದು ಸುಲಭ ಕೂಡ. ದಯವಿಟ್ಟು ಹಾಗೆ ಮಾಡಬೇಡಿ.

ಬಂಡೆಗಳು ಚೆನ್ನಾಗಿಲ್ಲ ಅಂತಲ್ಲ. ತನೊಹಾತದ ಕಿತಾಯಮಾಝಾಕಿಯಲ್ಲಿ ಸುಮಾರು 200 ಮೀಟರ್ ಎತ್ತರದ ಬಂಡೆ ನೇರ ಸಮುದ್ರಕ್ಕೆ ಇಳಿಯುತ್ತದೆ. ಮೇಲೆ ಪೈನ್ ಮರಗಳು, ಕೆಳಗೆ ಬಿಳಿ ನೊರೆ. ಮೆಟ್ಟಿಲು ಇಳಿದು ಸಮುದ್ರದ ಮಟ್ಟಕ್ಕೆ ಹೋಗಿ ಮತ್ತೆ ಹತ್ತುವಷ್ಟರಲ್ಲಿ ತೊಡೆ ನಡುಗುತ್ತದೆ. ಮುಂದೆ ಬಂಡೆಯನ್ನು ಕೈಯಲ್ಲೇ ಕೊರೆದು ಮಾಡಿದ ಸುರಂಗಗಳು ಸಿಗುತ್ತವೆ. ಒಳಗೆ ಕತ್ತಲೆ, ಹೆಡ್‌ಲ್ಯಾಂಪ್ ಬೇಕೇ ಬೇಕು. ಗೋಡೆಗೆ ಬೆಳಕು ಬಿಟ್ಟರೆ ಉಳಿಯ ಏಟುಗಳು ಒಂದೊಂದಾಗಿ ಕಾಣುತ್ತವೆ, ಸಾಲು ಸಾಲಾಗಿ, ಓರೆಯಾಗಿ. ಮೇಲಿಂದ ನೀರು ತೊಟ್ಟಿಕ್ಕುತ್ತಿರುತ್ತದೆ. ತಲೆ ಬಗ್ಗಿಸಿಕೊಂಡು, ಒಂದು ಕೈ ಗೋಡೆಗೆ ಹಚ್ಚಿಕೊಂಡು ನಡೆದು ಆಚೆ ಬಂದರೆ ಮುಂದೆ ಸಮುದ್ರ. ಇದನ್ನು ನಾನು ಎಷ್ಟು ಹೊಗಳಿದರೂ ಕಡಿಮೆಯೇ.

ಆದರೆ ಈ ಕರಾವಳಿಯಲ್ಲಿ ಜನ ಇರುವುದು ಬಂಡೆಗಳ ಮೇಲಲ್ಲ. ಎರಡು ಬಂಡೆಗಳ ಮಧ್ಯೆ ಸಣ್ಣ ಕೊಲ್ಲಿ, ಕೊಲ್ಲಿಗೆ ಒಂದು ಹೊಳೆ, ಹೊಳೆಯ ಬಾಯಲ್ಲಿ ಬಂದರು, ಅದರ ಹಿಂದೆ ಊರು. ಮಿಯಾಕೊದಿಂದ ದಕ್ಷಿಣಕ್ಕೆ ಹೋದಂತೆ ಕೊಲ್ಲಿಗಳು ಇನ್ನೂ ಆಳ. ಕೊಲ್ಲಿಯ ಬಾಯಿ ಅಗಲ, ಒಳಗೆ ಹೋದಂತೆ ಕಿರಿದು. ಮೀನುಗಾರರಿಗೆ ಅದು ಒಳ್ಳೆಯದು, ಗಾಳಿ, ಅಲೆ ಕಡಿಮೆ. ಸುನಾಮಿ ಬಂದರೆ ಮಾತ್ರ ಅದೇ ಆಕಾರ ಊರಿಗೆ ಮುಳುವಾಗುತ್ತದೆ. ಅಗಲದಲ್ಲಿ ಒಳಬಂದ ನೀರಿಗೆ ಮುಂದೆ ಜಾಗ ಸಾಲದೆ ಎತ್ತರಕ್ಕೆ ಏರುತ್ತದೆ. 1896ರಲ್ಲಿ ಹೀಗೇ ಆಯಿತು, ಸುಮಾರು 22,000 ಜನ ಸತ್ತರು. 1933ರಲ್ಲಿ ಮತ್ತೆ ಬಂತು. ಆಮೇಲೆ 2011.

ಒಂದೊಂದು ಊರು ಇದಕ್ಕೆ ಒಂದೊಂದು ರೀತಿ ಉತ್ತರ ಹುಡುಕಿತು. ಕಾಲಲ್ಲಿ ನಡೆದರೆ ಆ ಉತ್ತರಗಳು ಒಂದಾದ ಮೇಲೊಂದು ಸಿಗುತ್ತವೆ, ರೈಲಿನ ಕಿಟಕಿಯಲ್ಲಿ ಸಿಗುವುದಿಲ್ಲ.

ಫುದಾಯ್ ನೋಡಿ. ಸಣ್ಣ ಹಳ್ಳಿ. ಅಲ್ಲಿನ ಹೊಳೆಗೆ ಅಡ್ಡವಾಗಿ 15.5 ಮೀಟರ್ ಎತ್ತರದ ಗೇಟು ಇದೆ, 1984ರಲ್ಲಿ ಮುಗಿದದ್ದು. ವಾಮುರಾ ಕೊತೊಕು ಅನ್ನುವ ಹಳ್ಳಿಯ ಮುಖ್ಯಸ್ಥರು ಹಟ ಹಿಡಿದು ಕಟ್ಟಿಸಿದರು. ಇಷ್ಟು ದುಡ್ಡು, ಇಷ್ಟು ಎತ್ತರ ಯಾಕೆ ಅಂತ ಆಗ ಬೈದವರಿದ್ದರು. ವಾಮುರಾ 1997ರಲ್ಲಿ ತೀರಿಕೊಂಡರು. 2011ರಲ್ಲಿ ನೀರು ಆ ಗೇಟನ್ನೂ ಮೀರಿ ಬಂತು, ಆದರೆ ಬಲ ಕಳೆದುಕೊಂಡು ಊರು ತಲುಪುವ ಮುಂಚೆಯೇ ನಿಂತಿತು. ಗೇಟಿನ ಹೊರಗಿದ್ದ ಬಂದರು ಹಾಳಾಯಿತು. ದೋಣಿ ನೋಡಲು ಹೋದ ಒಬ್ಬರು ಕಾಣೆಯಾದರು. ಒಳಗಿನ ಮನೆಗಳು ಉಳಿದವು. ಗೇಟಿನ ಬುಡದಲ್ಲಿ ನಿಂತು ತಲೆ ಎತ್ತಿ ನೋಡಿದಾಗ, ಅಷ್ಟು ಜನ ಬೈಯುತ್ತಿದ್ದರೂ ಒಬ್ಬ ಮನುಷ್ಯ ಜಗ್ಗದೆ ನಿಂತ ಅಂದರೆ ಎಂಥ ಗುಂಡಿಗೆ ಇರಬೇಕು ಅಂತ ನನಗೆ ಅನ್ನಿಸಿತು.

ತಾರೊದ ಕಥೆ ಬೇರೆ. 1933ರಲ್ಲಿ ಅಲ್ಲಿ 900ಕ್ಕೂ ಜಾಸ್ತಿ ಜನ ಸತ್ತ ಮೇಲೆ ಊರವರು ತಡೆಗೋಡೆ ಕಟ್ಟಲು ಶುರುಮಾಡಿದರು. ಹಂತ ಹಂತವಾಗಿ ಬೆಳೆದು ಅದು 10 ಮೀಟರ್ ಎತ್ತರ, ಸುಮಾರು 2.4 ಕಿ.ಮೀ. ಉದ್ದವಾಯಿತು. ಹೊರದೇಶಗಳಿಂದಲೂ ಜನ ನೋಡಲು ಬರುತ್ತಿದ್ದರು. 2011ರಲ್ಲಿ ನೀರು ಅದನ್ನು ದಾಟಿತು, ಒಂದು ಭಾಗ ಮುರಿದೇ ಹೋಯಿತು. ಸುಮಾರು 180 ಜನ ಸತ್ತರು ಅಥವಾ ಕಾಣೆಯಾದರು. ಅಲ್ಲಿ ಆರು ಮಹಡಿಯ ಒಂದು ಹೋಟೆಲನ್ನು ಹಾಗೇ ಉಳಿಸಿಕೊಂಡಿದ್ದಾರೆ. ಕೆಳಗಿನ ಎರಡು ಮಹಡಿಗಳಲ್ಲಿ ಗೋಡೆಯೇ ಇಲ್ಲ, ಬರೀ ಕಬ್ಬಿಣದ ಕಂಬಗಳು, ತುಕ್ಕು ಹಿಡಿದು ಸೊಟ್ಟಗಾಗಿವೆ. ಮೇಲಿನ ಮಹಡಿಗಳು ಮಾಮೂಲಿನಂತೆ ನಿಂತಿವೆ. ಆ ದಿನ ಹೋಟೆಲ್ ಮಾಲೀಕರು ಆರನೇ ಮಹಡಿಯಿಂದ ತೆಗೆದ ವಿಡಿಯೋವನ್ನು ಸ್ಥಳೀಯ ಗೈಡ್‌ಗಳು ಅದೇ ಕೋಣೆಯಲ್ಲಿ ಕೂರಿಸಿ ತೋರಿಸುತ್ತಾರೆ. ಮೊದಲೇ ಬುಕ್ ಮಾಡಬೇಕು. ಖಂಡಿತ ಮಾಡಿ. ಈಗ ಅಲ್ಲಿ 14.7 ಮೀಟರಿನ ಹೊಸ ಗೋಡೆ ಎದ್ದಿದೆ. ಅದರ ಪಕ್ಕ ನಡೆಯುವಾಗ ಸಮುದ್ರದ ಸದ್ದು ಕೇಳುತ್ತದೆ, ಸಮುದ್ರ ಕಾಣುವುದಿಲ್ಲ. ಈ ನಡಿಗೆ ಬೇಜಾರು ಅಂತ ಹೇಳುವವರಿದ್ದಾರೆ. ನನಗೆ ಇದೇ ಇಡೀ ಹಾದಿಯ ಅತಿ ಮುಖ್ಯ ಭಾಗ ಅನ್ನಿಸುತ್ತದೆ. ಸಮುದ್ರವನ್ನೇ ನಂಬಿ ಬದುಕುವವರು ಮನೆಯಿಂದ ಸಮುದ್ರ ಕಾಣದ ಹಾಗೆ ಬದುಕಲು ಒಪ್ಪಿಕೊಂಡಿದ್ದಾರೆ ಅಂದರೆ ಆ ಒಪ್ಪಿಗೆ ಎಷ್ಟು ಕಷ್ಟದ್ದು ಅಂತ ಅಲ್ಲಿ ನಡೆದರೇ ಗೊತ್ತಾಗುವುದು.

ಇನ್ನೊಂದು ಊರು ಅನೆಯೊಶಿ. ಒಮೊಯೆ ಪರ್ಯಾಯದ್ವೀಪದ ತುದಿಯ ಹತ್ತಿರ, ಕೆಲವೇ ಮನೆಗಳು. 1896ರಲ್ಲೂ 1933ರಲ್ಲೂ ಊರು ಹೆಚ್ಚುಕಡಿಮೆ ಪೂರ್ತಿ ನಾಶವಾಗಿತ್ತು. ಉಳಿದ ನಾಲ್ಕಾರು ಜನ ರಸ್ತೆಯ ಪಕ್ಕ ಒಂದು ಕಲ್ಲು ನಿಲ್ಲಿಸಿದರು. ನಮ್ಮ ಊರುಗಳ ವೀರಗಲ್ಲು ಸತ್ತವರ ಕಥೆ ಹೇಳುತ್ತದಲ್ಲ, ಈ ಕಲ್ಲು ಬದುಕಿರುವವರಿಗೆ ಅಪ್ಪಣೆ ಕೊಡುತ್ತದೆ: ಇದರ ಕೆಳಗೆ ಮನೆ ಕಟ್ಟಬೇಡಿ. ಊರವರು ಆ ಮಾತು ಮೀರಲಿಲ್ಲ. 2011ರಲ್ಲಿ ನೀರು ಆ ಕಣಿವೆಯಲ್ಲಿ 40 ಮೀಟರ್ ಎತ್ತರಕ್ಕೆ ಹತ್ತಿ, ಕಲ್ಲಿಗಿಂತ ಸ್ವಲ್ಪ ಕೆಳಗೆ ನಿಂತಿತು. ಮೇಲಿದ್ದ ಮನೆಗಳಿಗೆ ಏನೂ ಆಗಲಿಲ್ಲ. ಕಲ್ಲು ದೊಡ್ಡದೇನಲ್ಲ. ಗಮನ ಇಲ್ಲದಿದ್ದರೆ ಸುಮ್ನೆ ದಾಟಿಬಿಡುತ್ತೀರಿ. ಅಲ್ಲಿಂದ ಕಾಡಿನ ದಾರಿಯಲ್ಲಿ ಹೋದರೆ ತೊದೊಗಾಸಾಕಿ ದೀಪಸ್ತಂಭ, ಜಪಾನಿನ ಮುಖ್ಯ ದ್ವೀಪ ಹೊನ್ಶುವಿನ ಅತಿ ಪೂರ್ವದ ತುದಿ. ಜಾಸ್ತಿ ಜನ ಬರುವುದು ದೀಪಸ್ತಂಭಕ್ಕೆ. ನೀವು ಕಲ್ಲಿಗೂ ಒಂದರ್ಧ ಗಂಟೆ ಕೊಡಿ.

ಊರೊಳಗೆ ನಡೆದರೆ ಜನ ಸಿಗುತ್ತಾರೆ. ಒಂದು ಬಂದರಿನಲ್ಲಿ ವಯಸ್ಸಾದ ಹೆಂಗಸೊಬ್ಬರು ವಾಕಾಮೆ, ಅಂದರೆ ಅಲ್ಲಿ ಬೆಳೆಸುವ ಸಮುದ್ರದ ಸೊಪ್ಪು, ದಂಟು ಬೇರೆ ಎಲೆ ಬೇರೆ ಮಾಡುತ್ತಾ ಕೂತಿದ್ದರು. ನನ್ನ ಹರಕುಮುರುಕು ಜಪಾನಿ ಕೇಳಿ ನಕ್ಕು, ಕೂರಲು ಒಂದು ಬುಟ್ಟಿ ಬೋರಲು ಹಾಕಿಕೊಟ್ಟರು. ನಿಮ್ಮ ಮನೆ ಎಲ್ಲಿ ಅಂದೆ. ಎದುರಿನ ಖಾಲಿ ಜಾಗ ತೋರಿಸಿ, ಆಮೇಲೆ ಗುಡ್ಡದ ಮೇಲೆ ಸಾಲಾಗಿ ಇರುವ ಹೊಸ ಮನೆಗಳ ಕಡೆ ಕೈ ಮಾಡಿದರು. ದಿನಾ ಇಳಿದು ಬಂದು ಕೆಲಸ ಮಾಡಿ ಮತ್ತೆ ಹತ್ತುತ್ತಾರಂತೆ. ಹೊರಡುವಾಗ ಒಂದು ಹಿಡಿ ವಾಕಾಮೆ ಕೊಟ್ಟರು.

ಇನ್ನು ಹೋಗುವವರಿಗೆ ಒಂದಿಷ್ಟು ಉಪಯೋಗದ ಮಾತು. ಮೇ ಅಥವಾ ಅಕ್ಟೋಬರ್ ಒಳ್ಳೆಯದು. ಕಾಡಲ್ಲಿ ಕರಡಿ ಇವೆ, ಬ್ಯಾಗಿಗೆ ಗಂಟೆ ಕಟ್ಟಿಕೊಳ್ಳಿ. ಟೈಫೂನ್ ಬಂದರೆ ದಾರಿ ಕುಸಿದು ಬದಲಿ ದಾರಿ ಹಾಕಿರುತ್ತಾರೆ, ಹೊರಡುವ ಹಿಂದಿನ ದಿನ ಹಾದಿಯ ವೆಬ್‌ಸೈಟ್ ನೋಡಿ. ಸಸ್ಯಾಹಾರಿಗಳಿಗೆ ಕಷ್ಟ ಇದೆ, ಯಾಕೆಂದರೆ ಸಾರಿಗೂ ಮೀನಿನ ರಸ ಹಾಕುತ್ತಾರೆ. ಉಪ್ಪಿನಕಾಯಿ ಹಣ್ಣು ಇಟ್ಟ ಅನ್ನದ ಉಂಡೆ ಅಂಗಡಿಗಳಲ್ಲಿ ಸಿಗುತ್ತದೆ, ಜೊತೆಗೆ ಚಟ್ನಿಪುಡಿ ಒಯ್ಯಿರಿ. ನಗದು ಯೆನ್ ಇಟ್ಟುಕೊಳ್ಳಿ. ಭೂಮಿ ಅಲುಗಿದರೆ ಫೋನ್ ತೆಗೆಯುತ್ತಾ ನಿಲ್ಲಬೇಡಿ, ಬ್ಯಾಗ್ ಬಿಟ್ಟಾದರೂ ಮೇಲಕ್ಕೆ ಓಡಿ. ಎಲ್ಲಿವರೆಗೆ ನೀರು ಬಂದಿತ್ತು ಅಂತ ರಸ್ತೆಯಲ್ಲಿ ಬೋರ್ಡು ಇರುತ್ತದೆ, ನಡೆಯುವಾಗಲೇ ಗಮನಿಸುತ್ತಾ ಹೋಗಿ.

ಸಮಯ ಕಡಿಮೆ ಇದ್ದವರು ಇಡೀ ಹಾದಿ ಮುಟ್ಟಿ ಬರಲು ಹೋಗಬೇಡಿ. ಫುದಾಯ್‌ನಿಂದ ಮಿಯಾಕೊವರೆಗೆ ಮಾತ್ರ ಸಾಕು, ಆದರೆ ಮಧ್ಯೆ ರೈಲು ಹತ್ತದೆ. ಮ್ಯಾಪ್ ತಂದಿದ್ದೇನೆ, ಮೇಜಿನ ಮೇಲೆ ಹರಡುತ್ತೇನೆ, ಪ್ರಶ್ನೆ ಇರುವವರು ಇಲ್ಲಿಗೇ ಬನ್ನಿ.