ಬರೆದವರು ಯಾರು, ಅಚ್ಚಿಗೆ ಕೊಟ್ಟವರು ಯಾರು

ಎಲ್ಲರಿಗೂ ನಮಸ್ಕಾರ.

ಲೇಖಕಿಯರು ಸಮಾಜದ ಮೇಲೆ ಬೀರಿದ ಪ್ರಭಾವ ಎಂದ ಕೂಡಲೇ ಹೆಸರುಗಳ ಪಟ್ಟಿ ಓದಿ, ಒಂದೊಂದಕ್ಕೂ ಒಂದೊಂದು ವಿಶೇಷಣ ಅಂಟಿಸಿ ಮುಗಿಸುವುದು ರೂಢಿ. ಇವತ್ತು ಆ ದಾರಿ ಬೇಡ. ಬರೆದದ್ದನ್ನು ಪ್ರತಿ ಮಾಡಿದವರು ಯಾರು, ಅದು ಯಾರ ಹೆಸರಿನಲ್ಲಿ ಹೊರಬಂತು, ಹಣ ಯಾರ ಕೈ ಸೇರಿತು ಎಂದು ಕೇಳೋಣ. ಬರಹ ಎಷ್ಟೇ ಗಟ್ಟಿಯಿದ್ದರೂ ಈ ವ್ಯವಹಾರ ಕೈಕೊಟ್ಟರೆ, ಪ್ರಭಾವ ಬೀರಲು ಅದು ಉಳಿದೇ ಇರುವುದಿಲ್ಲ.

ಹೆಸರು ತಿಳಿದಿರುವ ಜಗತ್ತಿನ ಮೊದಲ ಕವಿ ಎಂದು ಎನ್‌ಹೆದುಆನ್ನಾಳನ್ನು ಗುರುತಿಸುತ್ತಾರೆ. ಮೆಸೊಪೊಟೇಮಿಯಾದ ಅಕ್ಕಾಡಿನ ದೊರೆ ಸಾರ್ಗೋನನ ಮಗಳು, ಊರ್ ನಗರದ ಚಂದ್ರದೇವಾಲಯದ ಪ್ರಧಾನ ಅರ್ಚಕಿ, ಕಾಲ ಕ್ರಿ.ಪೂ. 2300ರ ಆಸುಪಾಸು. ಆದರೆ ಆಕೆಯ ಹೆಸರಿನ ಇನಾನ್ನಾ ದೇವಿಯ ಸ್ತುತಿ ನಮಗೆ ಸಿಕ್ಕಿರುವುದು ಸುಮಾರು ಐನೂರು ವರ್ಷ ಈಚಿನ ಮಣ್ಣಿನ ಹಲಗೆಗಳಲ್ಲಿ. ಲಿಪಿಕಾರರ ಶಾಲೆಗಳಲ್ಲಿ ಆ ಪದ್ಯ ಪಾಠವಾಗಿತ್ತು. ಕಲಿಯುವವರು ಮತ್ತೆ ಮತ್ತೆ ಬರೆದದ್ದರಿಂದಲೇ ಅದು ಉಳಿಯಿತು. ಪ್ರತಿಗಳು ಇಷ್ಟು ತಡವಾಗಿ ಬಂದವಾದ್ದರಿಂದ, ನಿಜಕ್ಕೂ ಆಕೆಯೇ ಬರೆದಳೇ ಎಂಬ ಸಂಶಯವೂ ವಿದ್ವಾಂಸರಲ್ಲಿ ಇದೆ.

ಪ್ರಾಚೀನ ಗ್ರೀಸಿನ ಕವಯಿತ್ರಿ ಸ್ಯಾಫೋಳದು ಇದಕ್ಕೆ ತಿರುಗಾಮುರುಗಾ. ಅಲೆಕ್ಸಾಂಡ್ರಿಯಾದ ಪಂಡಿತರು ಆಕೆಯ ಪದ್ಯಗಳನ್ನು ಹಲವು ಸಂಪುಟಗಳಾಗಿ ಜೋಡಿಸಿಟ್ಟಿದ್ದರು. ಮುಂದೆ ಅಥೆನ್ಸಿನ ಗ್ರೀಕ್ ಭಾಷೆಯೇ ಶಾಲೆಗಳ ಭಾಷೆಯಾಯಿತು, ಆಕೆಯ ಇಯೋಲಿಕ್ ಉಪಭಾಷೆ ಓದುವವರು ಕಡಿಮೆಯಾದರು. ಪಪೈರಸ್ ಸುರುಳಿಯಿಂದ ಹೊಲಿದ ಪುಸ್ತಕಕ್ಕೆ ಸಾಹಿತ್ಯ ಸಾಗುವಾಗ, ಪಾಠದಲ್ಲಿ ಇಲ್ಲದ್ದನ್ನು ಯಾರೂ ಮುತುವರ್ಜಿಯಿಂದ ಪ್ರತಿ ಮಾಡಲಿಲ್ಲ. ಸುಟ್ಟುಹಾಕಿದರು ಎಂಬ ಕಥೆ ಕೇಳಲು ಚೆನ್ನ. ಅಲಕ್ಷ್ಯವೇ ಹೆಚ್ಚು ಸಂಭವನೀಯ ಕಾರಣ. ಪೂರ್ತಿಯಾಗಿ ಉಳಿದದ್ದು ಒಂದೇ ಪದ್ಯ. ಅದೂ ಡಯೋನಿಸಿಯಸ್ ಎಂಬ ಅಲಂಕಾರಶಾಸ್ತ್ರದ ಮೇಷ್ಟರು ಶೈಲಿಗೆ ಉದಾಹರಣೆಯೆಂದು ಇಡಿಯಾಗಿ ಉದ್ಧರಿಸಿದ್ದರಿಂದ.

ಹೆಸರಿನ ವಿಷಯಕ್ಕೆ ಬರೋಣ. ನಮ್ಮ ವಚನಗಳಲ್ಲಿ ಅಂಕಿತವೇ ಕರ್ತೃವಿನ ಗುರುತು. 'ಚೆನ್ನಮಲ್ಲಿಕಾರ್ಜುನ' ಎಂದರೆ ಅಕ್ಕಮಹಾದೇವಿ; ಓಲೆಗರಿಯ ಕಟ್ಟು ಎಷ್ಟು ಕೈ ಬದಲಾದರೂ ವಚನದ ಕೊನೆಯ ಆ ಗುರುತು ಪಾಠದೊಂದಿಗೇ ಸಾಗುತ್ತದೆ. ಇಲ್ಲೊಂದು ಸ್ವಾರಸ್ಯವಿದೆ. ಆಯ್ದಕ್ಕಿ ಲಕ್ಕಮ್ಮನ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಗಂಡನ ಹೆಸರು ಅದರೊಳಗೇ ಇದೆ. ಗಂಡ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ 'ಆಸೆಯೆಂಬುದು ಅರಸಂಗಲ್ಲದೆ ಶಿವಭಕ್ತರಿಗುಂಟೆ ಅಯ್ಯಾ' ಎಂದು ತಿದ್ದಿದವಳೂ ಅವಳೇ.

ಅಚ್ಚಿನ ಕಾಲದಲ್ಲಿ ಇಂಥ ಗುರುತೂ ತಪ್ಪಿಹೋಯಿತು. ಇಂಗ್ಲಿಷ್ ಲೇಖಕಿ ಜೇನ್ ಆಸ್ಟಿನ್ ಅವರ ಮೊದಲ ಕಾದಂಬರಿ 1811ರಲ್ಲಿ ಬಂದಾಗ ಶೀರ್ಷಿಕೆ ಪುಟದಲ್ಲಿದ್ದದ್ದು 'ಒಬ್ಬ ಮಹಿಳೆ ಬರೆದದ್ದು' ಎಂದಷ್ಟೇ. ಒಪ್ಪಂದ ನೋಡಿ: ಅಚ್ಚಿನ ಖರ್ಚು ಲೇಖಕಿಯದು, ನಷ್ಟವಾದರೆ ಅದೂ ಅವರದೇ, ಪ್ರಕಾಶಕರಿಗೆ ಕಮಿಷನ್. ಮೊದಲ ಮುದ್ರಣ ಪೂರ್ತಿ ಮಾರಾಟವಾಗಿ 140 ಪೌಂಡ್ ಸಿಕ್ಕಿತು. ಎರಡನೆಯದಾದ 'ಪ್ರೈಡ್ ಅಂಡ್ ಪ್ರಿಜುಡೀಸ್'ಗೆ 150 ಪೌಂಡ್ ಕೇಳಿ, 110ಕ್ಕೆ ಒಪ್ಪಿ, ಗ್ರಂಥಸ್ವಾಮ್ಯವನ್ನೇ ಮಾರಿಬಿಟ್ಟರು. 1813ರಲ್ಲಿ ಹೊರಬಂದ ಪುಸ್ತಕ ಅದೇ ವರ್ಷ ಎರಡನೇ ಮುದ್ರಣ ಕಂಡಿತು. ಲೇಖಕಿಗೆ ಒಂದು ಪೆನ್ನಿಯೂ ಹೆಚ್ಚಿಗೆ ಬರಲಿಲ್ಲ. ಹಕ್ಕು ಮಾರಿ ಕೆಟ್ಟ ಅನುಭವ ಅವರಿಗೆ ಮೊದಲೇ ಇತ್ತು. 1803ರಲ್ಲಿ 10 ಪೌಂಡ್‌ಗೆ ಕೊಟ್ಟ ಇನ್ನೊಂದು ಹಸ್ತಪ್ರತಿಯನ್ನು ಪ್ರಕಾಶಕ ಅಚ್ಚು ಹಾಕದೆ ಇಟ್ಟುಕೊಂಡಿದ್ದ. 1816ರಲ್ಲಿ ಅದೇ 10 ಪೌಂಡ್ ತೆತ್ತು ಬಿಡಿಸಿಕೊಳ್ಳಬೇಕಾಯಿತು.

ಆಸ್ಟಿನ್ ಅವಿವಾಹಿತೆ, ಹಾಗಾಗಿ ಆ ಹಣವಾದರೂ ಅವರದೇ. ಮದುವೆಯಾದವರ ಪಾಡು ಬೇರೆ. ಇಂಗ್ಲೆಂಡಿನ ಅಂದಿನ ಕಾನೂನಿನಲ್ಲಿ ಹೆಂಡತಿಯ ಸಂಪಾದನೆ ಗಂಡನದು. ಆಕೆ ಪ್ರತ್ಯೇಕವಾಗಿ ದಾವೆ ಹೂಡುವಂತಿಲ್ಲ, ಕರಾರು ಮಾಡಿಕೊಳ್ಳುವಂತಿಲ್ಲ. ಇದಕ್ಕೆ ನೇರವಾಗಿ ಡಿಕ್ಕಿ ಹೊಡೆದವರು ಕ್ಯಾರೊಲಿನ್ ನಾರ್ಟನ್, ಆಗಲೇ ಹೆಸರು ಮಾಡಿದ್ದ ಕವಯಿತ್ರಿ. 1836ರಲ್ಲಿ ಗಂಡ ಜಾರ್ಜ್, ಪ್ರಧಾನಿ ಮೆಲ್ಬರ್ನ್ ಜೊತೆ ಹೆಂಡತಿಗೆ ಸಂಬಂಧವಿದೆಯೆಂದು ದಾವೆ ಹೂಡಿ ಸೋತ. ಸೋತರೂ ಮೂರು ಗಂಡುಮಕ್ಕಳನ್ನು ತನ್ನ ವಶದಲ್ಲೇ ಇಟ್ಟುಕೊಂಡ. ಕಾನೂನು ಅವನ ಕಡೆಗಿತ್ತು. ಕ್ಯಾರೊಲಿನ್ ಕಿರುಹೊತ್ತಿಗೆ ಬರೆದು ಸಂಸದರಿಗೆ ಹಂಚಿದರು. ಒಂದನ್ನು 'ಪಿಯರ್ಸ್ ಸ್ಟೀವನ್ಸನ್' ಎಂಬ ಗಂಡಸಿನ ಹೆಸರಿನಲ್ಲಿ ಹೊರತಂದರು. ಟಾಲ್ಫರ್ಡ್ ಎಂಬ ವಕೀಲ-ಸಂಸದ ಮಂಡಿಸಿದ ಮಸೂದೆ 1839ರಲ್ಲಿ ಕಾಯ್ದೆಯಾಯಿತು: ಏಳು ವರ್ಷದೊಳಗಿನ ಮಕ್ಕಳನ್ನು ತನ್ನ ಬಳಿ ಇಟ್ಟುಕೊಳ್ಳಲು ತಾಯಿ ನ್ಯಾಯಾಲಯಕ್ಕೆ ಅರ್ಜಿ ಹಾಕಬಹುದು. ಆದರೆ ಕಾಯ್ದೆ ಸ್ಕಾಟ್ಲೆಂಡಿಗೆ ಅನ್ವಯಿಸುತ್ತಿರಲಿಲ್ಲ, ಜಾರ್ಜ್ ಮಕ್ಕಳನ್ನು ಕಳಿಸಿದ್ದು ಅಲ್ಲಿಗೇ. ಬರೆದು ಕಾನೂನು ತಿದ್ದಿಸಿದ ತಾಯಿಗೇ ಅದರ ಉಪಯೋಗವಾಗಲಿಲ್ಲ. ಕಿರಿಯ ಮಗ 1842ರಲ್ಲಿ ತೀರಿಕೊಂಡ.

1853ರ ಇನ್ನೊಂದು ಮೊಕದ್ದಮೆಯಲ್ಲಿ ಆಕೆಯ ಬರಹದ ಸಂಪಾದನೆಯೇ ಕೋರ್ಟಿನಲ್ಲಿ ಚರ್ಚೆಯಾಯಿತು. 1855ರಲ್ಲಿ ಆಕೆ ರಾಣಿಗೆ ಬಹಿರಂಗ ಪತ್ರ ಬರೆದರು. 1857ರ ವಿಚ್ಛೇದನ ಕಾಯ್ದೆಯಲ್ಲಿ, ಗಂಡ ಬಿಟ್ಟುಹೋದ ಹೆಂಡತಿಯ ದುಡಿಮೆಗೆ ರಕ್ಷಣೆ ಕೊಡುವ ಕಲಮು ಸೇರಿತು. ಪ್ರಭಾವ ಎಂಬ ಮಾತನ್ನು ಇಲ್ಲಿ ಧೈರ್ಯವಾಗಿ ಬಳಸಬಹುದು, ಏಕೆಂದರೆ ಬರಹದಿಂದ ಕಲಮಿನವರೆಗಿನ ದಾರಿ ಕಣ್ಣಿಗೆ ಕಾಣುತ್ತದೆ. ಹೆಣ್ಣು-ಗಂಡು ಸಮಾನ ಎಂಬ ವಾದವನ್ನು ನಾರ್ಟನ್ ತಾವೇ ತಳ್ಳಿಹಾಕಿದ್ದರು ಎಂಬುದನ್ನೂ ಮರೆಯಬಾರದು. ಅವರನ್ನು ಇಂದಿನ ಸ್ತ್ರೀವಾದಿಯನ್ನಾಗಿ ಮಾಡಿ ಕೂರಿಸುವವರು ಈ ತೊಡಕನ್ನು ದಾಟಿಹೋಗುತ್ತಾರೆ.

ಪುಸ್ತಕವೊಂದನ್ನು ಅರ್ಧ ಅಳಿಸಿ ಉಳಿಸುವುದೂ ಉಂಟು. 18ನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಮುದ್ದುಪಳನಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಎಂಬ ಶೃಂಗಾರಕಾವ್ಯ ಬರೆದಳು. ಪೀಠಿಕೆಯಲ್ಲಿ ತನ್ನ ವಂಶವನ್ನು ಹೇಳಿಕೊಂಡಳು. 19ನೇ ಶತಮಾನದ ಅಚ್ಚಿನಲ್ಲಿ ಆ ಪೀಠಿಕೆಯೂ ಕೆಲವು ಪದ್ಯಗಳೂ ಕಾಣೆಯಾದವು. ಗಾಯಕಿ ಬೆಂಗಳೂರು ನಾಗರತ್ನಮ್ಮ ಹಸ್ತಪ್ರತಿ ತರಿಸಿ, ಅಚ್ಚಿನೊಂದಿಗೆ ಹೋಲಿಸಿ, ಬಿಟ್ಟದ್ದನ್ನೆಲ್ಲ ಸೇರಿಸಿ 1910ರಲ್ಲಿ ಮದರಾಸಿನ ವಾವಿಳ್ಳ ಪ್ರಕಾಶನದಿಂದ ಹೊರತಂದರು. ಇದೇ ಗ್ರಂಥಸಂಪಾದನೆ, ಆ ಹೆಸರಿನಲ್ಲಿ ಅವರನ್ನು ಯಾರೂ ಅಂದು ಗೌರವಿಸಲಿಲ್ಲ. ಸಮಾಜಸುಧಾರಕ ಕಂದುಕೂರಿ ವೀರೇಶಲಿಂಗಂ ಅವರೇ ಕಾವ್ಯ ಅಶ್ಲೀಲವೆಂದಿದ್ದರು. ನಾಚಿಕೆ ಹೆಂಗಸರಿಗೆ ಮಾತ್ರವೇ ಎಂದು ನಾಗರತ್ನಮ್ಮ ತಿರುಗಿ ಕೇಳಿದರು. 1911ರಲ್ಲಿ ಸರ್ಕಾರ ಪುಸ್ತಕವನ್ನು ನಿಷೇಧಿಸಿತು. ಮದರಾಸು ಪ್ರಾಂತ್ಯದ ಪ್ರಧಾನಿಯಾಗಿದ್ದ ಟಂಗುಟೂರಿ ಪ್ರಕಾಶಂ ಅವರು ನಿಷೇಧ ತೆಗೆಸಿದ್ದು 1947ರಲ್ಲಿ.

ಇನ್ನು ತಾರಾಬಾಯಿ ಶಿಂದೆ. 1881ರಲ್ಲಿ ಸೂರತ್ತಿನ ವಿಧವೆಯೊಬ್ಬಳಿಗೆ ಶಿಶುಹತ್ಯೆಗಾಗಿ ಮರಣದಂಡನೆ ವಿಧಿಸಲಾಯಿತು. ಹೆಂಗಸರ ನಡತೆ ಕೆಟ್ಟಿತೆಂದು ಪತ್ರಿಕೆಗಳು ಹರಿಹಾಯ್ದವು. ಅದಕ್ಕೆ ಉತ್ತರವಾಗಿ 1882ರಲ್ಲಿ ತಾರಾಬಾಯಿ ಮರಾಠಿಯಲ್ಲಿ ತಂದ 'ಸ್ತ್ರೀ ಪುರುಷ ತುಲನಾ', ಅದೇ ದೋಷಗಳನ್ನು ಗಂಡಸರ ಮೇಲೆ ಒಂದೊಂದಾಗಿ ಹೊರಿಸಿ ತೂಗಿ ನೋಡುತ್ತದೆ. ಅಚ್ಚಾದದ್ದು 500 ಪ್ರತಿ. ಟೀಕೆ ಬಂದಾಗ ತಾರಾಬಾಯಿಯ ಪರ ನಿಂತವರು ಜೋತಿರಾವ್ ಫುಲೆ. ಆಕೆಯದೆಂದು ಗೊತ್ತಿರುವ ಪುಸ್ತಕ ಅದೊಂದೇ. ಮರಾಠಿ ವಿದ್ವಾಂಸ ಎಸ್.ಜಿ. ಮಾಲ್ಶೆ ಅದನ್ನು ಮರುಮುದ್ರಿಸಿದ್ದು 1975ರಲ್ಲಿ. ಹಾಗಾಗಿ ಆ ಪುಸ್ತಕ 19ನೇ ಶತಮಾನವನ್ನು ಅಲುಗಾಡಿಸಿತು ಎಂದರೆ ಉತ್ಪ್ರೇಕ್ಷೆ. ಅದಕ್ಕೆ ದೊಡ್ಡ ಓದುಗಬಳಗ ಸಿಕ್ಕಿದ್ದು ಮರುಮುದ್ರಣದ ಮೇಲೆ.

ಇಂಥವನ್ನು ಹುಡುಕುವವರಿಗೆ ಒಂದು ಸುಳುಹು. 1867ರ ಮುದ್ರಣಾಲಯ ಮತ್ತು ಪುಸ್ತಕ ನೋಂದಣಿ ಕಾಯ್ದೆಯಂತೆ ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳು ಮೂರು ತಿಂಗಳಿಗೊಮ್ಮೆ ಪುಸ್ತಕಪಟ್ಟಿ ಹೊರಡಿಸುತ್ತಿದ್ದವು. ಕರ್ತೃ, ಮುದ್ರಕ, ಪುಟಗಳು, ಪ್ರತಿಗಳ ಸಂಖ್ಯೆ, ಬೆಲೆ ಎಲ್ಲವೂ ಅದರಲ್ಲಿವೆ. ಸಾಹಿತ್ಯಚರಿತ್ರೆಗಳಲ್ಲಿ ಸಿಗದ ಹೆಂಗಸರ ಹೆಸರುಗಳನ್ನು ಮೊದಲು ಹುಡುಕಬೇಕಾದದ್ದು ಆ ಪಟ್ಟಿಗಳಲ್ಲಿ.