ಬಾಹ್ಯಾಕಾಶ ನೌಕೆಯ ಗಿಡ್ಡ ಉಡುಪು: ಅದು ಬಿಡುಗಡೆಯೇ, ಬಂಧನವೇ?

[ದೃಶ್ಯ: ಕೆಂಪು, ಹಳದಿ, ನೀಲಿ ಸಮವಸ್ತ್ರಗಳ ರೇಖಾಚಿತ್ರ]

ನಮಸ್ಕಾರ. 1966ರ ಸೆಪ್ಟೆಂಬರಿನಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಆರಂಭವಾದ 'ಸ್ಟಾರ್ ಟ್ರೆಕ್' ಧಾರಾವಾಹಿ, ಬಣ್ಣ ಮತ್ತು ಜನಾಂಗದ ಭೇದ ಅಳಿದುಹೋದ ಭವಿಷ್ಯವೊಂದನ್ನು ಕಲ್ಪಿಸಿತು. ಆದರೆ ಅದರ ಕಥೆ ನಡೆಯುವ ಬಾಹ್ಯಾಕಾಶ ನೌಕೆಯಲ್ಲಿ ಗಂಡಸರು ಪ್ಯಾಂಟು ಧರಿಸಿದರೆ, ಮಹಿಳಾ ಅಧಿಕಾರಿಗಳು ತೊಡೆಯ ಮಧ್ಯಕ್ಕೂ ಇಳಿಯದ ಗಿಡ್ಡ ಉಡುಪು ಧರಿಸಿ ಕೆಲಸ ಮಾಡುತ್ತಿದ್ದರು. ಅದು ಹೆಣ್ಣನ್ನು ನೋಟದ ವಸ್ತುವಾಗಿಸಿತು ಎನ್ನುವವರೂ, ಅಂದಿನ ಸ್ವಾತಂತ್ರ್ಯದ ಗುರುತಾಗಿತ್ತು ಎನ್ನುವವರೂ ಅಭಿಮಾನಿಗಳಲ್ಲಿ ಇಂದಿಗೂ ಇದ್ದಾರೆ.

ಎರಡನೆಯ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಲೆಫ್ಟಿನೆಂಟ್ ಉಹುರಾ ಪಾತ್ರ ವಹಿಸಿದ್ದ ನಿಶೆಲ್ ನಿಕೋಲ್ಸ್ ಅವರೇ ಆ ಉಡುಪನ್ನು ಸಮರ್ಥಿಸಿಕೊಂಡಿದ್ದರು. ಲಂಡನ್ನಿನಲ್ಲಿ ವಸ್ತ್ರವಿನ್ಯಾಸಕಿ ಮೇರಿ ಕ್ವಾಂಟ್ ಜನಪ್ರಿಯಗೊಳಿಸಿದ ಮಿನಿಸ್ಕರ್ಟನ್ನು ಆಗ ತೊಟ್ಟವರು, ತಾಯಂದಿರ ತಲೆಮಾರಿನ ಕಟ್ಟುಪಾಡುಗಳನ್ನು ಒಪ್ಪದ ಯುವತಿಯರು. ಎಷ್ಟು ಮೈ ಮುಚ್ಚಿಕೊಳ್ಳಬೇಕು ಎಂಬುದನ್ನು ತಾವೇ ತೀರ್ಮಾನಿಸುವ ಹಕ್ಕು ಅವರಿಗೆ ಆ ಉಡುಪಿನಲ್ಲಿ ಕಂಡಿತ್ತು.

[ದೃಶ್ಯ: ಪ್ಯಾಂಟು ಧರಿಸಿದ ಮಹಿಳಾ ಅಧಿಕಾರಿಯ ಚಿತ್ರ]

ಆದರೂ ಈ ಕಥೆಗೆ ಇನ್ನೊಂದು ಮುಖವಿದೆ. ಪ್ರಸಾರಕ್ಕೆ ಮೊದಲೇ ತಯಾರಾಗಿದ್ದ ಪ್ರಾಯೋಗಿಕ ಕಂತಿನಲ್ಲಿ ನೌಕೆಯ ಎರಡನೆಯ ಅತ್ಯುನ್ನತ ಅಧಿಕಾರಿ ಒಬ್ಬ ಮಹಿಳೆ; ಆಕೆ ಧರಿಸಿದ್ದು ಗಂಡಸರಂತೆಯೇ ಪ್ಯಾಂಟು. ವಾಹಿನಿ ಆ ಕಂತನ್ನು ತಿರಸ್ಕರಿಸಿತು, ಆ ಪಾತ್ರವೂ ಮರೆಯಾಯಿತು, ಅದನ್ನು ಅಭಿನಯಿಸಿದ್ದ ಮೇಜೆಲ್ ಬ್ಯಾರೆಟ್ ಗಿಡ್ಡ ಉಡುಪಿನ ನರ್ಸ್ ಆಗಿ ಮರಳಿದರು. ಅಮೆರಿಕದ ಸೆನೆಟ್ ಸಭಾಂಗಣದಲ್ಲಿ ಮಹಿಳಾ ಸದಸ್ಯರು ಪ್ಯಾಂಟು ಧರಿಸಬಾರದೆಂಬ ರೂಢಿ 1993ರವರೆಗೂ ಉಳಿದಿತ್ತು ಎಂಬುದನ್ನು ನೆನೆದರೆ, ಅಂದಿನ ಪ್ಯಾಂಟಿನ ದಿಟ್ಟತನ ಮಿನಿಸ್ಕರ್ಟಿನದಕ್ಕಿಂತ ಕಡಿಮೆಯದಲ್ಲ ಎಂಬುದು ಸ್ಪಷ್ಟವಾಗುತ್ತದೆ. ಇನ್ನು ಧಾರಾವಾಹಿಯ ವಸ್ತ್ರವಿನ್ಯಾಸಕ ವಿಲಿಯಂ ವೇರ್ ಥೈಸ್ ಅವರ ಹೆಸರಿನಲ್ಲೇ ಒಂದು ಸೂತ್ರ ಪ್ರಚಲಿತವಾಗಿದೆ: ಉಡುಪು ಇನ್ನೇನು ಜಾರಿಬಿಡುತ್ತದೆ ಎನಿಸಿದಷ್ಟೂ ಅದು ನೋಡುಗರನ್ನು ಸೆಳೆಯುತ್ತದೆ. ತೊಟ್ಟವರಿಗೆ ಅದು ಬಿಡುಗಡೆಯಾಗಿ ಕಂಡಿತು, ವಿನ್ಯಾಸಗೊಳಿಸಿದವರ ಲೆಕ್ಕಾಚಾರದಲ್ಲಿ ನೋಡುಗರ ಕಣ್ಣೂ ಇತ್ತು. ಇವೆರಡೂ ಏಕಕಾಲಕ್ಕೆ ನಿಜವೆಂದೇ ನಾನು ಭಾವಿಸುತ್ತೇನೆ.

ಹೀಗಾಗಿ ಬಟ್ಟೆಯ ಉದ್ದವನ್ನು ಅಳೆಯುವುದರಿಂದ ಈ ವಾದ ಇತ್ಯರ್ಥವಾಗುವುದಿಲ್ಲ. ಅದನ್ನು ತೊಟ್ಟ ಹೆಣ್ಣಿಗೆ ಬೇರೆ ಆಯ್ಕೆ ಇತ್ತೇ, ಆ ಉಡುಪಿನಲ್ಲಿ ಆಕೆ ಯಾವ ಹುದ್ದೆಗೆ ಏರಬಲ್ಲವಳಾಗಿದ್ದಳು ಎಂದು ಕೇಳಬೇಕು. 1969ರಲ್ಲಿ ಪ್ರಸಾರವಾದ ಕೊನೆಯ ಕಂತಿನ ಪಾತ್ರವೊಂದು, ನೌಕಾ ಕ್ಯಾಪ್ಟನ್ನರ ಜಗತ್ತಿನಲ್ಲಿ ಹೆಣ್ಣಿಗೆ ಪ್ರವೇಶವಿಲ್ಲವೆಂದು ನೇರವಾಗಿಯೇ ಹೇಳುತ್ತದೆ. ಕಾಲು ಬಿಡುಗಡೆಗೊಂಡಿತ್ತು, ಕ್ಯಾಪ್ಟನ್ನಿನ ಕುರ್ಚಿ ಮಾತ್ರ ದೂರವೇ ಉಳಿದಿತ್ತು.

1987ರಲ್ಲಿ ಆರಂಭವಾದ ಮುಂದಿನ ಸರಣಿ ಒಂದು ಧೈರ್ಯದ ಪ್ರಯೋಗ ಮಾಡಿತು. ಅದರ ಆರಂಭದ ಕಂತುಗಳ ಹಿನ್ನೆಲೆಯಲ್ಲಿ ಕೆಲವು ಗಂಡಸರೂ ಅದೇ ಬಗೆಯ ಗಿಡ್ಡ ಉಡುಪಿನಲ್ಲಿ ಓಡಾಡುತ್ತಾರೆ. ಸಮಾನತೆಯನ್ನು ಅಷ್ಟು ನೇರವಾಗಿ ತೋರಿಸಿದ ಆ ಉಡುಪು ಬೇಗನೆ ಕಣ್ಮರೆಯಾದದ್ದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ. ಅದೇ ಸರಣಿಯ ಸಲಹೆಗಾರ್ತಿ ಡಿಯಾನಾ ಟ್ರಾಯ್ ವರ್ಷಗಳ ಕಾಲ ಎದೆಭಾಗ ತೆರೆದ, ಮೈಗಂಟಿದ ಉಡುಪಿನಲ್ಲಿಯೇ ಕಾಣಿಸಿಕೊಂಡು, 1992ರ ಕಂತೊಂದರಲ್ಲಿ ಹೊಸ ಕ್ಯಾಪ್ಟನ್ನಿನ ಆದೇಶದ ಮೇರೆಗೆ ಸಮವಸ್ತ್ರ ಧರಿಸುತ್ತಾಳೆ. ನಟಿ ಮರೀನಾ ಸರ್ಟಿಸ್ ಆ ಬದಲಾವಣೆಯನ್ನು ಸಂತೋಷದಿಂದ ಸ್ವಾಗತಿಸಿದ್ದರು. ಎದೆ ಮುಚ್ಚಿಕೊಂಡ ಮೇಲೆ ತಮ್ಮ ಪಾತ್ರಕ್ಕೆ ಬುದ್ಧಿ ಮರಳಿ ಬಂದಿತು ಎಂಬರ್ಥದ ಅವರ ಮಾತು ಅಭಿಮಾನಿಗಳಿಗೆ ಚಿರಪರಿಚಿತ. ಅರವತ್ತರ ದಶಕದ ನಟಿಗೆ ಗಿಡ್ಡ ಉಡುಪಿನಲ್ಲಿ ದೊರೆತ ಘನತೆ, ತೊಂಬತ್ತರ ದಶಕದ ನಟಿಗೆ ಮೈಮುಚ್ಚಿದ ಸಮವಸ್ತ್ರದಲ್ಲಿ ದೊರೆಯಿತು.

1997ರಲ್ಲಿ ಮತ್ತೊಂದು ಸರಣಿಗೆ ಬಂದ ಸೆವೆನ್ ಆಫ್ ನೈನ್ ಪಾತ್ರದ ಬಿಗಿಯುಡುಪು ಈ ವಾದವನ್ನು ಮತ್ತೆ ಕೆರಳಿಸಿತು. ನಟಿ ಜೆರಿ ರಯಾನ್ ಅವರಿಗೆ ಅದರಲ್ಲಿ ಉಸಿರಾಡುವುದೇ ಕಷ್ಟವಾಗುತ್ತಿತ್ತು. ಆ ಹೊತ್ತಿಗೆ ಆ ಸರಣಿಯ ನೌಕೆಯನ್ನು ಕ್ಯಾಪ್ಟನ್ ಆಗಿ ಮುನ್ನಡೆಸುತ್ತಿದ್ದವಳು ಪ್ಯಾಂಟು ಧರಿಸಿದ ಹೆಣ್ಣು.

[ದೃಶ್ಯ: ಸಮಾವೇಶದಲ್ಲಿ ಬಗೆಬಗೆಯ ವೇಷ ಧರಿಸಿದ ಅಭಿಮಾನಿಗಳು]

ಇಂದು ಅಭಿಮಾನಿಗಳ ಸಮಾವೇಶಗಳಲ್ಲಿ ಅದೇ ಹಳೆಯ ಕೆಂಪು ಉಡುಪನ್ನು ತಾವೇ ಹೊಲಿದು, ಹೆಮ್ಮೆಯಿಂದ ಧರಿಸಿ ಬರುವ ಮಹಿಳೆಯರಿದ್ದಾರೆ. ಇದು ಅವರ ಸ್ವಂತ ಆಯ್ಕೆಯಾದರೂ, ವೇಷ ಕಂಡೊಡನೆ ಅನುಮತಿಯಿಲ್ಲದೆ ಮೈಮುಟ್ಟುವವರ, ಫೋಟೋ ತೆಗೆಯುವವರ ಕಾಟ ತಪ್ಪಲಿಲ್ಲ. ಅದಕ್ಕಾಗಿಯೇ 2014ರ ನ್ಯೂಯಾರ್ಕ್ ಕಾಮಿಕ್ ಕಾನ್ ಸಮಾವೇಶದಲ್ಲಿ, ವೇಷ ಧರಿಸಿದ ಮಾತ್ರಕ್ಕೆ ಒಪ್ಪಿಗೆ ಕೊಟ್ಟಂತಲ್ಲ ಎಂಬ ದೊಡ್ಡ ಫಲಕಗಳನ್ನು ನಿಲ್ಲಿಸಲಾಯಿತು.