100ಕ್ಕೆ 74 ಮಂದಿ ಒಪ್ಪಿದ ಭಾಷಣ: ಈನಾಕ್ ಪೊವೆಲ್ ಮತ್ತು ಬ್ರಿಟನ್ನಿನ ಜನ

ನಮಸ್ಕಾರ. 1968ರ ಏಪ್ರಿಲ್ 20, ಶನಿವಾರ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಒಂದು ಹೋಟೆಲ್. ಕನ್ಸರ್ವೇಟಿವ್ ಪಕ್ಷದ ಒಂದು ಸಣ್ಣ ಸಭೆ. ಅಲ್ಲಿ ಈನಾಕ್ ಪೊವೆಲ್ ಎಂಬ ಸಂಸದ ಬ್ರಿಟನ್ನಿಗೆ ಬರುತ್ತಿದ್ದ ವಲಸಿಗರ ವಿರುದ್ಧ ಭಾಷಣ ಮಾಡಿದರು. ಮರುದಿನ ಪಕ್ಷದ ನಾಯಕ ಎಡ್ವರ್ಡ್ ಹೀತ್, ಪೊವೆಲ್ ಅವರನ್ನು ತಮ್ಮ ನೆರಳು ಸಂಪುಟದಿಂದ, ಅಂದರೆ ವಿರೋಧ ಪಕ್ಷದ ಮುಂಚೂಣಿ ನಾಯಕರ ತಂಡದಿಂದ, ಕಿತ್ತುಹಾಕಿದರು. 'ದಿ ಟೈಮ್ಸ್' ಪತ್ರಿಕೆ ಅದನ್ನು ದುಷ್ಟ ಭಾಷಣ ಎಂದು ಕರೆಯಿತು.

ಆದರೆ ಜನ ಏನಂದರು?

[ಪರದೆಯ ಮೇಲೆ: ಗ್ಯಾಲಪ್ ಸಮೀಕ್ಷೆ, ಏಪ್ರಿಲ್ 1968]

ಆ ತಿಂಗಳ ಕೊನೆಗೆ ಗ್ಯಾಲಪ್ ಸಂಸ್ಥೆ ಕೇಳಿದಾಗ 100ಕ್ಕೆ 74 ಮಂದಿ ಪೊವೆಲ್ ಹೇಳಿದ್ದನ್ನು ಒಪ್ಪುತ್ತೇವೆ ಎಂದರು. ಒಪ್ಪದವರು 15 ಮಂದಿ. ಹೀತ್ ಪೊವೆಲ್ ಅವರನ್ನು ತೆಗೆದದ್ದು ತಪ್ಪು ಎಂದವರು 69 ಮಂದಿ. ಇಷ್ಟು ಜನ ಒಂದು ಮಾತನ್ನು ಒಪ್ಪಿದರೆ ಅದರಿಂದ ನಾವು ಏನು ತಿಳಿಯಬೇಕು? ಈ ವಿಡಿಯೋ ಪೂರ್ತಿ ಈ ಒಂದು ಪ್ರಶ್ನೆಯ ಸುತ್ತ.

ಮೊದಲು ಆ ಮನುಷ್ಯನ ಬಗ್ಗೆ. ಪೊವೆಲ್ ಸುಮ್ನೆ ಕೂಗಾಡುವ ರಾಜಕಾರಣಿ ಆಗಿರಲಿಲ್ಲ. 25ನೇ ವಯಸ್ಸಿಗೇ ಸಿಡ್ನಿಯಲ್ಲಿ ಗ್ರೀಕ್ ಪ್ರಾಧ್ಯಾಪಕರಾಗಿದ್ದವರು. ಎರಡನೇ ಮಹಾಯುದ್ಧ ಶುರುವಾದಾಗ ಸಾಮಾನ್ಯ ಸಿಪಾಯಿಯಾಗಿ ಸೇರಿ ಬ್ರಿಗೇಡಿಯರ್ ಆದರು. ಯುದ್ಧದ ಕೊನೆಯ ವರ್ಷಗಳನ್ನು ಭಾರತದಲ್ಲಿ ಕಳೆದರು, ಉರ್ದು ಕಲಿತರು, ಭಾರತದ ವೈಸ್‌ರಾಯ್ ಆಗುವ ಕನಸು ಕಂಡರು. 1959ರಲ್ಲಿ, ಆಗ ಬ್ರಿಟಿಷ್ ವಸಾಹತಾಗಿದ್ದ ಕೀನ್ಯಾದ ಹೋಲಾ ಶಿಬಿರದಲ್ಲಿ 11 ಆಫ್ರಿಕನ್ ಕೈದಿಗಳನ್ನು ಹೊಡೆದು ಕೊಂದಾಗ, ತಮ್ಮದೇ ಪಕ್ಷದ ಸರ್ಕಾರವನ್ನು ಸಂಸತ್ತಿನಲ್ಲಿ ಕಟುವಾಗಿ ಪ್ರಶ್ನಿಸಿದವರಲ್ಲಿ ಇವರೂ ಒಬ್ಬರು. ಆಫ್ರಿಕನ್ನರ ಜೀವಕ್ಕೆ ಬೇರೆ ಅಳತೆಗೋಲು ಬೇಡ ಎಂದು ವಾದಿಸಿದ ಅದೇ ಮನುಷ್ಯ ಒಂಬತ್ತು ವರ್ಷಕ್ಕೆ ಹೀಗೆ ಮಾತಾಡಿದರು ಎನ್ನುವುದು ನನಗೆ ಈಗಲೂ ನೋವಿನ ಸಂಗತಿ.

ಈಗ ಆ ಹೊತ್ತಿನ ಬ್ರಿಟನ್. ಕೀನ್ಯಾ ಸ್ವತಂತ್ರವಾದ ಮೇಲೆ ಅಲ್ಲಿದ್ದ ಭಾರತೀಯ ಮೂಲದವರ ಬದುಕು ಕಷ್ಟವಾಗುತ್ತಾ ಬಂತು. ಅವರಲ್ಲಿ ಬಹಳ ಜನರ ಕೈಯಲ್ಲಿ ಬ್ರಿಟಿಷ್ ಪಾಸ್‌ಪೋರ್ಟ್ ಇತ್ತು. ಅವರು ಬ್ರಿಟನ್ನಿಗೆ ಬರತೊಡಗಿದಾಗ ಲೇಬರ್ ಸರ್ಕಾರ ಕೆಲವೇ ದಿನಗಳಲ್ಲಿ, ತರಾತುರಿಯಲ್ಲಿ, ಒಂದು ಕಾನೂನು ತಂದು ಬಾಗಿಲು ಹಾಕಿತು. ಅದು 1968ರ ಮಾರ್ಚ್ 1. ಹಾಗಾಗಿ ಪೊವೆಲ್ ಬೆಂಕಿ ಹಚ್ಚಿದರು ಎನ್ನುವವರು ಇದನ್ನೂ ನೆನಪಿಡಬೇಕು. ಅವರ ಭಾಷಣಕ್ಕೂ ಮುಂಚೆಯೇ ಎರಡೂ ಪಕ್ಷಗಳು ವಲಸಿಗರಿಗೆ ಹೆದರಿದ್ದವು.

ಅದೇ ಸರ್ಕಾರ ಇನ್ನೊಂದು ಮಸೂದೆಯನ್ನೂ ತಂದಿತ್ತು. ಬಣ್ಣ ನೋಡಿ ಬಾಡಿಗೆ ಮನೆ ಕೊಡದಿರುವುದು, ಕೆಲಸ ಕೊಡದಿರುವುದು ಇನ್ನು ಮುಂದೆ ಕಾನೂನುಬಾಹಿರ ಎನ್ನುವ ಮಸೂದೆ. ಪೊವೆಲ್ ಸಿಟ್ಟು ಇದರ ಮೇಲೆ. ಬಿಳಿಯರು ತಮ್ಮ ನೆಲದಲ್ಲೇ ಪರಕೀಯರಾಗುತ್ತಿದ್ದಾರೆ ಎಂದರು. ತಮ್ಮ ಕ್ಷೇತ್ರವಾದ ವುಲ್ವರ್‌ಹ್ಯಾಂಪ್ಟನ್‌ನ ಒಬ್ಬ ವೃದ್ಧೆಯ ಕಥೆ ಹೇಳಿದರು. ಆಕೆ ಯಾರೆಂದು ಅವರು ಕೊನೆಯವರೆಗೂ ಹೇಳಲಿಲ್ಲ. ಪ್ರಾಚೀನ ರೋಮ್‌ನ ಕವಿ ವರ್ಜಿಲ್‌ನ ಸಾಲೊಂದನ್ನು ಎತ್ತಿಕೊಂಡು, ರಕ್ತದಿಂದ ನೊರೆಯೇಳುವ ಟೈಬರ್ ನದಿಯ ಚಿತ್ರ ಕೊಟ್ಟರು. 'ರಕ್ತದ ನದಿಗಳ ಭಾಷಣ' ಎಂಬ ಹೆಸರು ಬಂದಿದ್ದು ಅಲ್ಲಿಂದ.

ಮೂರು ದಿನಕ್ಕೆ ಲಂಡನ್ನಿನ ಹಡಗುಕಟ್ಟೆಯ ಕಾರ್ಮಿಕರು ಕೆಲಸ ಬಿಟ್ಟು ಸಂಸತ್ತಿನ ಕಡೆ ಮೆರವಣಿಗೆ ಹೊರಟರು. ಆಮೇಲೆ ಸ್ಮಿತ್‌ಫೀಲ್ಡ್ ಮಾಂಸದ ಮಾರುಕಟ್ಟೆಯ ಹಮಾಲರು. ಪೊವೆಲ್ ಮನೆಗೆ ಬಂದ ಪತ್ರಗಳು ಒಂದು ಲಕ್ಷ ದಾಟಿದವು. ಬಹುಪಾಲು ಮೆಚ್ಚಿ ಬರೆದವು.

ಇಲ್ಲಿ ಸ್ವಲ್ಪ ನಿಲ್ಲೋಣ. ಹಡಗುಕಟ್ಟೆಯ ಕಾರ್ಮಿಕರು ತಲೆಮಾರುಗಳಿಂದ ಲೇಬರ್ ಕಡೆಯವರು. ಪೊವೆಲ್ ಮುಕ್ತ ಮಾರುಕಟ್ಟೆಯ ಪಕ್ಕಾ ಬೆಂಬಲಿಗ. ಸಂಬಳ, ಯೂನಿಯನ್, ಕೆಲಸ, ಯಾವುದರಲ್ಲೂ ಇವರಿಬ್ಬರ ದಾರಿ ಒಂದಾಗಿರಲಿಲ್ಲ. ಮತ್ತೆ ಯಾಕೆ ನಡೆದರು? 'ನಾವು ಮನೆಯಲ್ಲಿ ಮಾತಾಡುವುದನ್ನು ಒಬ್ಬ ದೊಡ್ಡ ಮನುಷ್ಯ ಬಹಿರಂಗವಾಗಿ ಹೇಳಿದ, ಹೇಳಿದ್ದಕ್ಕೆ ಕೆಲಸ ಕಳೆದುಕೊಂಡ' ಎನ್ನುವ ಭಾವನೆ ಬಹಳ ದೊಡ್ಡದು. ಬಾಯಿ ಬಿಟ್ಟು ಮಾತಾಡುವ ರಾಜಕಾರಣಿಗೆ ಸಿಗುವ ಬೆಂಬಲದಲ್ಲಿ ಇದು ಯಾವಾಗಲೂ ಇರುತ್ತದೆ, ಅಲ್ವಾ? ಜನ ಮಾತನ್ನು ಎಷ್ಟು ಮೆಚ್ಚುತ್ತಾರೋ, ಧೈರ್ಯವನ್ನೂ ಅಷ್ಟೇ ಮೆಚ್ಚುತ್ತಾರೆ. ಸಮೀಕ್ಷೆಯ ಒಂದು 'ಹೌದು'ವಿನಲ್ಲಿ ಇವೆರಡೂ ಬೆರೆತುಹೋಗುತ್ತವೆ. ಬಣ್ಣದ ದ್ವೇಷ ಇದ್ದವನು, ಕೌನ್ಸಿಲ್ ಮನೆಗಾಗಿ (ಸ್ಥಳೀಯ ಆಡಳಿತ ಬಾಡಿಗೆಗೆ ಕೊಡುವ ಮನೆ) ವರ್ಷಗಟ್ಟಲೆ ಕಾದವನು, ಎರಡೂ ಪಕ್ಷಗಳ ಮೇಲೆ ಬೇಸತ್ತವನು, ಎಲ್ಲರೂ ಆ 74ರಲ್ಲೇ ಇದ್ದಾರೆ. ಅವರೆಲ್ಲ ಕೆಟ್ಟವರು ಎಂದು ತಳ್ಳಿಹಾಕಿದರೆ ನಮಗೆ ಏನೂ ಅರ್ಥವಾಗುವುದಿಲ್ಲ.

ಹಾಗಂತ 74 ಮಂದಿ ಒಪ್ಪಿದರು ಎಂದ ಮಾತ್ರಕ್ಕೆ ಆ ಮಾತು ಸರಿಯಾಗುವುದಿಲ್ಲ. ಭಾಷಣ ಯಾರ ಬಗ್ಗೆ ಇತ್ತೋ ಅವರ ಧ್ವನಿ ಆ ಲೆಕ್ಕದಲ್ಲಿ ಕೇಳುವುದೇ ಇಲ್ಲ. ವುಲ್ವರ್‌ಹ್ಯಾಂಪ್ಟನ್‌ನಲ್ಲೇ, ಭಾಷಣವಾಗಿ ಕೆಲವೇ ದಿನಕ್ಕೆ, ವೆಸ್ಟ್ ಇಂಡಿಯನ್ ಕುಟುಂಬವೊಂದು ಮಗುವಿನ ನಾಮಕರಣ ಮಾಡುತ್ತಿದ್ದಾಗ ಬಿಳಿ ಹುಡುಗರ ಗುಂಪು ಪೊವೆಲ್ ಹೆಸರು ಕೂಗುತ್ತಾ ಮೇಲೆ ಬಿತ್ತು. ಅದೇ ಊರಿನಲ್ಲಿ ಸಿಖ್ ಬಸ್ ನೌಕರರು ಟರ್ಬನ್ ಧರಿಸುವ ಹಕ್ಕಿಗಾಗಿ ಹೋರಾಡುತ್ತಿದ್ದರು. ಪೊವೆಲ್ ಆ ಹೋರಾಟವನ್ನೂ ಭಾಷಣದಲ್ಲಿ ಟೀಕಿಸಿದ್ದರು. ಮುಂದಿನ ವರ್ಷ ಸಿಖ್ಖರು ಗೆದ್ದರು. ನನ್ನ ಅಭಿಪ್ರಾಯ ಸ್ಪಷ್ಟ: ಹೀತ್ ಪೊವೆಲ್ ಅವರನ್ನು ತೆಗೆದದ್ದು ಸರಿ.

[ಪರದೆಯ ಮೇಲೆ: 1%ದಿಂದ 24%]

ಇನ್ನೊಂದು ಅಂಕಿ ನೋಡಿ. ಭಾಷಣಕ್ಕೆ ಮುಂಚೆ, ಹೀತ್ ನಂತರ ಪೊವೆಲ್ ನಾಯಕರಾಗಲಿ ಎಂದವರು 100ಕ್ಕೆ ಒಬ್ಬರು. ಆಮೇಲೆ 24 ಮಂದಿ. ಆದರೂ ಅವರು ಪಕ್ಷದ ನಾಯಕರಾಗಲಿಲ್ಲ, ಮತ್ತೆ ಮಂತ್ರಿಯೂ ಆಗಲಿಲ್ಲ. 1970ರಲ್ಲಿ ಗೆದ್ದು ಪ್ರಧಾನಿಯಾದವರು ಅವರನ್ನು ತೆಗೆದ ಅದೇ ಹೀತ್. 1972ರಲ್ಲಿ ಸರ್ವಾಧಿಕಾರಿ ಇದಿ ಅಮೀನ್ ಉಗಾಂಡಾದಿಂದ ಏಷ್ಯನ್ನರನ್ನು ಓಡಿಸಿದಾಗ ಸುಮಾರು 28,000 ಮಂದಿಯನ್ನು ಒಳಗೆ ಬಿಟ್ಟುಕೊಂಡಿದ್ದೂ ಹೀತ್ ಸರ್ಕಾರವೇ. ಪೊವೆಲ್ ವಿರೋಧಿಸಿದರು, ಬೀದಿಗಳಲ್ಲಿ ಪ್ರತಿಭಟನೆಯೂ ನಡೆಯಿತು. ಸರ್ಕಾರ ಜಗ್ಗಲಿಲ್ಲ. 1974ರಲ್ಲಿ ಪೊವೆಲ್ ಪಕ್ಷವನ್ನೇ ಬಿಟ್ಟು, ಉತ್ತರ ಐರ್ಲೆಂಡಿನಿಂದ ಗೆದ್ದು 1987ರವರೆಗೆ ಸಂಸದರಾಗಿದ್ದರು.

ಅವರ ಭವಿಷ್ಯವಾಣಿ ನಿಜವಾಯಿತಾ? ಅಭಿಮಾನಿಗಳು ಇಂದಿಗೂ ಹೌದು ಎನ್ನುತ್ತಾರೆ. 2000ದ ಹೊತ್ತಿಗೆ ವಲಸಿಗರು ಮತ್ತು ಅವರ ಮಕ್ಕಳು 50ರಿಂದ 70 ಲಕ್ಷ ಆಗುತ್ತಾರೆ ಎಂದು ಪೊವೆಲ್ ಅಂದಾಜಿಸಿದ್ದರು. 2001ರ ಜನಗಣತಿಯಲ್ಲಿ ಬಿಳಿಯರಲ್ಲದವರು ಸುಮಾರು 46 ಲಕ್ಷ. ಲೆಕ್ಕ ಅಷ್ಟೇನೂ ದೂರ ಇರಲಿಲ್ಲ ಎಂದು ಒಪ್ಪಿಕೊಳ್ಳೋಣ. ಆದರೆ ಅವರು ಹೆದರಿಸಿದ್ದು ಸಂಖ್ಯೆಯಿಂದ ಬರುವ ರಕ್ತಪಾತದ ಬಗ್ಗೆ. 1981ರಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಗಲಭೆಯಾದದ್ದು ನಿಜ. ಅದರ ತನಿಖೆ ನಡೆಸಿದ ಲಾರ್ಡ್ ಸ್ಕಾರ್ಮನ್ ಬೊಟ್ಟು ಮಾಡಿದ್ದು ಬಡತನ, ನಿರುದ್ಯೋಗ ಮತ್ತು ಪೊಲೀಸರ ನಡವಳಿಕೆಯ ಕಡೆಗೆ. ಪೊವೆಲ್ ಒಂದು ಕಾಲಕ್ಕೆ ಪ್ರತಿನಿಧಿಸಿದ್ದ ಅದೇ ಕ್ಷೇತ್ರ 2010ರಲ್ಲಿ, ಅದೇ ಕನ್ಸರ್ವೇಟಿವ್ ಪಕ್ಷದಿಂದ, ಪಾಲ್ ಉಪ್ಪಲ್ ಎಂಬ ಸಿಖ್ಖರನ್ನು ಆರಿಸಿ ಕಳಿಸಿತು. 1960ರ ದಶಕದಲ್ಲಿ ಪೂರ್ವ ಆಫ್ರಿಕಾದಿಂದ ಬಂದ ಭಾರತೀಯ ಕುಟುಂಬದ ಮಗ, ನಮ್ಮ ಹುಬ್ಬಳ್ಳಿಯಲ್ಲಿ ಹುಟ್ಟಿದ ಅಕ್ಷತಾ ಮೂರ್ತಿಯವರ ಗಂಡ, ರಿಷಿ ಸುನಕ್ 2022ರಲ್ಲಿ ಪ್ರಧಾನಿಯಾದರು.

ಇದರಿಂದ ಎಲ್ಲ ಮುಗಿದುಹೋಯಿತು ಎಂದಲ್ಲ. 2025ರ ಮೇ ತಿಂಗಳಲ್ಲಿ ಪ್ರಧಾನಿ ಕೀರ್ ಸ್ಟಾರ್ಮರ್ ವಲಸೆಯ ಬಗ್ಗೆ ಮಾತಾಡುತ್ತಾ ಬ್ರಿಟನ್ 'ಅಪರಿಚಿತರ ದ್ವೀಪ' ಆಗುವ ಅಪಾಯವಿದೆ ಎಂದರು. ಕೇಳಿದವರಿಗೆ ತಕ್ಷಣ ನೆನಪಾದದ್ದು ಪೊವೆಲ್. ಮುಂದಿನ ತಿಂಗಳೇ ಸ್ಟಾರ್ಮರ್ ಆ ಮಾತಿಗೆ ವಿಷಾದ ವ್ಯಕ್ತಪಡಿಸಿದರು.

ಕೊನೆಯದಾಗಿ ಒಂದು ವಿಷಯ. 1960ರಿಂದ 1963ರವರೆಗೆ ಬ್ರಿಟನ್ನಿನ ಆರೋಗ್ಯ ಸಚಿವರಾಗಿದ್ದವರು ಇದೇ ಪೊವೆಲ್. ಆಸ್ಪತ್ರೆಗಳು ಹೊರದೇಶದ ಡಾಕ್ಟರುಗಳನ್ನು ನೆಚ್ಚಿಕೊಂಡಿದ್ದವು, ಅವರಿಂದ ದೊಡ್ಡ ಸಹಾಯವಾಗುತ್ತಿದೆ ಎಂದು ಅವರೇ ಸಂಸತ್ತಿನಲ್ಲಿ ಹೇಳಿದ್ದರು. ಆಮೇಲಿನ ವರ್ಷಗಳಲ್ಲಿ ಕರ್ನಾಟಕದ ಮೆಡಿಕಲ್ ಕಾಲೇಜುಗಳಿಂದಲೂ ಎಷ್ಟೋ ಜನ ಅಲ್ಲಿಗೆ ಹೋದರು. ಅವರನ್ನು ಆಗ ಯಾವ ಸಮೀಕ್ಷೆಯವರೂ ಹುಡುಕಿಕೊಂಡು ಬಂದಿರಲಿಕ್ಕಿಲ್ಲ. ನಿಮ್ಮ ಮನೆಯಲ್ಲಿ ಅಂಥ ಹಿರಿಯರಿದ್ದರೆ ದಯವಿಟ್ಟು ಕೇಳಿ. ಬಾಡಿಗೆ ಮನೆ ಹುಡುಕುವಾಗ, ವಾರ್ಡಿನಲ್ಲಿ, ಬಸ್ಸಿನಲ್ಲಿ ಅವರಿಗೆ ಜನ ಏನೆಂದರು? ಒಳ್ಳೆಯದೋ ಕೆಟ್ಟದ್ದೋ, ಅವರು ಹೇಳಿದ ಹಾಗೇ ಕಾಮೆಂಟಿನಲ್ಲಿ ಬರೆಯಿರಿ. ಎಲ್ಲವನ್ನೂ ಓದುತ್ತೇನೆ.